ಒಂದೆಳೆ ಹುಲ್ಲೂ ಇಲ್ಲದ ಮನೆ

ಶನಿವಾರ ಬೆಳಿಗ್ಗೆ ಏಳೂವರೆಗೆ, ಕೋಡಿಬಾಗದ ಒಂದು ಮನೆಯ ಮಹಡಿಯಿಂದ ಒಂದೆಳೆ ಒಣಹುಲ್ಲು ಹಾರಿಬಂದು, ಅಂಗಳದಲ್ಲಿ ನಿಂತಿದ್ದ ಕೆಳಮನೆಯ ಜಾನಕಿಯ ಚಹಾದ ಲೋಟದೊಳಗೆ ಬಿತ್ತು. ಬೇರೆಯವರಾಗಿದ್ದರೆ ಎರಡು ಬೆರಳಲ್ಲಿ ಎತ್ತಿ ಬಿಸಾಡಿ ಚಹಾ ಮುಗಿಸುತ್ತಿದ್ದರು. ಜಾನಕಿ ಚಹಾ ಬಿಟ್ಟು ಫೋನು ಎತ್ತಿಕೊಂಡಳು. ಮನೆಯೊಡತಿ ಮಂಗಲಾಬಾಯಿಗೆ ಇಡೀ ಕತೆ ಹೇಳಿ, ಕೊನೆಗೆ, "ನಾನು ಯಾರ ವಿಷಯಕ್ಕೂ ಹೋಗುವವಳಲ್ಲ ಬಾಯಿ, ನಿಮಗೆ ಗೊತ್ತುಂಟಲ್ಲ" ಎಂದು ಸೇರಿಸಿದಳು.

ಹತ್ತು ನಿಮಿಷಕ್ಕೆ ಮಹಡಿಯ ಬಾಡಿಗೆದಾರ ರಾಜೀವನ ಫೋನು ಹೊಡೆದುಕೊಂಡಿತು.

"ಮೊಲ ಸಾಕಿದ್ದೀರಂತೆ?"

"ಎರಡೇ ಬಾಯಿ. ಸಣ್ಣವು."

"ಸಂಜೆ ಐದಕ್ಕೆ ಬರ್ತೇನೆ. ಮನೆ ಹೇಗೆ ಇಟ್ಕೊಂಡಿದ್ದೀರಿ ಅಂತ ನೋಡ್ಬೇಕು." ಮಂಗಲಾಬಾಯಿ ಇಷ್ಟು ಹೇಳಿ ಫೋನಿಟ್ಟರು.

ರಾಜೀವ ಮೀನುಗಾರರ ಮನೆಯಲ್ಲಿ ಹುಟ್ಟಿದವನು. ದೋಣಿ ಹತ್ತಿದರೆ ದಂಡೆ ಮರೆಯಾಗುವ ಮೊದಲೇ ವಾಂತಿ ಮಾಡಿಕೊಳ್ಳುತ್ತಿದ್ದುದರಿಂದ ಮನೆಯವರು ಅವನನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ಸೇರಿಸಿದ್ದರು. ಅಲ್ಲಿ ಅಲೆ ಏಳುವುದಿಲ್ಲವಾದ್ದರಿಂದ ಹದಿನಾಲ್ಕು ವರ್ಷಗಳಿಂದ ಕ್ಷೇಮವಾಗಿದ್ದ. ಮಗಳು ಪ್ರಣಿತಾ ಹಟ ಹಿಡಿದು ತರಿಸಿಕೊಂಡ ಮೊಲಗಳಿಗೆ ಬಂಗಡೆ, ತಾರ್ಲೆ ಎಂದು ಮೀನಿನ ಹೆಸರಿಟ್ಟಿದ್ದಳು. ಆ ಮನೆಯಲ್ಲಿ ಆ ಹೆಸರಿನವು ಬದುಕಿ ಓಡಾಡಿದ್ದು ಅದೇ ಮೊದಲು.

ಬಂಗಡೆ ಮತ್ತು ತಾರ್ಲೆ ಹುಲ್ಲು ತಿನ್ನುತ್ತಿದ್ದವು ಎನ್ನುವುದು ಪೂರ್ತಿ ಸತ್ಯವಲ್ಲ. ಒಂದು ಬಾಯಿ ಎಳೆದು, ಅದರಲ್ಲಿ ರುಚಿಯಾದ ಎರಡು ಎಳೆ ತಿಂದು, ಸ್ವಲ್ಪದರ ಮೇಲೆ ಕುಳಿತು, ಉಳಿದದ್ದನ್ನು ಮನೆಯವರಿಗೆಲ್ಲ ಸಮನಾಗಿ ಹಂಚುತ್ತಿದ್ದವು. ರಾಜೀವನ ಅಂಗಿಯ ಜೇಬಲ್ಲಿ ಹುಲ್ಲು, ಅನ್ನದ ಪಾತ್ರೆಯಲ್ಲಿ ಹುಲ್ಲು, ದೇವರ ಪಟದ ಹಿಂದೆ ಹುಲ್ಲು. ಮೊನ್ನೆ ಅಂಗಡಿಯಲ್ಲಿ ಯಾರದೋ ಜಾತಿ ಪ್ರಮಾಣಪತ್ರದ ನಕಲಿನ ಮೇಲೆ ಒಂದೆಳೆ ಹುಲ್ಲಿನ ಚಿತ್ರವೂ ಮೂಡಿತ್ತು.

ಹೆಂಡತಿ ವಿನುತಾ ಮಗಳೊಂದಿಗೆ ಅಂಕೋಲೆಯ ತವರಿಗೆ ಹೋಗಿದ್ದಳು. ರಾಜೀವ ಫೋನು ಮಾಡಿ ವಿಷಯ ತಿಳಿಸಿದ.

"ಮೊಲ ಹೋದ್ರೆ ನಿಮ್ಮ ಮಗಳು ಅಂಕೋಲೆಯಿಂದ ಬರೋದಿಲ್ಲ ಅಂತಾಳೆ" ಎಂದಳು ವಿನುತಾ ಶಾಂತವಾಗಿ. "ಮನೆ ಹೋದ್ರೆ ನಾನು ಬರೋದಿಲ್ಲ. ಸಂಜೆಯೊಳಗೆ ನೀವೇ ಏನಾದರೂ ಮಾಡಿ."

ರಾಜೀವ ರಜೆ ಹಾಕಿ ಪೊರಕೆ ಹಿಡಿದ. ಗುಡಿಸಿ ಮುಗಿಸಿ ತಿರುಗಿದರೆ, ಗುಡಿಸಿದ ಜಾಗದಲ್ಲಿ ಬಂಗಡೆ ಹೊಸ ಹುಲ್ಲು ಹಾಸಿ ಮಲಗಿತ್ತು. ಅಷ್ಟರಲ್ಲಿ ಎದುರುಮನೆಯ ಕಿಶೋರ ಮೆಟ್ಟಿಲು ಹತ್ತಿ ಬಂದ. ಬಲೆ ರಿಪೇರಿ ಅವನ ಕಸುಬು. ಲೋಕದ ಯಾವ ಕಷ್ಟಕ್ಕೂ ಬಲೆಯೇ ಪರಿಹಾರ ಎಂಬುದು ಅವನ ಸಿದ್ಧಾಂತ.

"ನೆಲಕ್ಕೆ ಹಾಕಿದ್ರೆ ಚೆಲ್ಲದೆ ಇರ್ತದಾ ಮಾರಾಯ? ಬಲೆಯಲ್ಲಿ ಕಟ್ಟಿ ತೂಗಿಸು. ಬಲೆಯ ಕಣ್ಣಿನಿಂದ ಒಂದೊಂದೇ ಎಳೆ ಎಳ್ಕೊಂಡು ತಿಂತಾವೆ."

ಅವನು ತಂದ ಬಲೆಯ ತುಂಡು ಎಷ್ಟು ಮಳೆಗಾಲ ಕಂಡಿತ್ತೋ, ಅಷ್ಟೂ ವರ್ಷದ ಮೀನು ಅದರಲ್ಲಿ ನಾರುತ್ತಿತ್ತು. ಹುಲ್ಲು ತುಂಬಿ ಕಿಟಕಿಯ ಸರಳಿಗೆ ಕಟ್ಟಿದರು. ತಾರ್ಲೆ ಮೂಸಿ ನೋಡಿ ಮುಖ ತಿರುಗಿಸಿತು. ಬಂಗಡೆ ಧೈರ್ಯಸ್ಥ, ತಲೆ ತೂರಿಸಿತು. ತೂರಿಸಿದ ತಲೆ ಹೊರಗೆ ಬರಲಿಲ್ಲ. ಅದು ಒದ್ದಾಡುತ್ತಿರುವಾಗ ವಾಸನೆ ಹಿಡಿದ ಜಾನಕಿಯ ಬೆಕ್ಕು ಕಿಟಕಿಯಿಂದ ಬಲೆಯ ಮೇಲೆ ಹಾರಿತು. ಕಟ್ಟು ಬಿಚ್ಚಿ ಬಲೆ, ಹುಲ್ಲು, ಮೊಲ, ಬೆಕ್ಕು ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ರಾಜೀವ ಕತ್ತರಿ ತಂದು ಬಲೆ ಕೊಯ್ದು ಬಂಗಡೆಯನ್ನು ಬಿಡಿಸಿದ.

"ಒಳ್ಳೇ ಬಲೆ ಹಾಳು ಮಾಡಿದಿ" ಎಂದ ಕಿಶೋರ ನೊಂದುಕೊಂಡು.

ಬೆಕ್ಕನ್ನು ಹುಡುಕಿಕೊಂಡು ಜಾನಕಿ ಬಂದಳು. ಹುಡುಕಿದ್ದು ಬೆಕ್ಕನ್ನೇ ಆದರೂ ಕಣ್ಣು ಎರಡೂ ಕೋಣೆ ಸುತ್ತಿ ಬಂತು.

"ಪಾಪ, ನಂಗೆ ಬಹಳ ಬೇಜಾರು. ಬಾಯಿಗೆ ಯಾರು ಹೇಳಿದ್ರೋ ಏನೋ" ಎಂದಳು. "ಹುಲ್ಲು ಉದ್ದ ಇದ್ರೆ ಎಳೆದಾಡ್ತಾವೆ. ಸಣ್ಣ ಕೊಚ್ಚಿ ತಟ್ಟೆಗೆ ಹಾಕು, ಅವಲಕ್ಕಿ ತಿಂದ ಹಾಗೆ ತಿಂತಾವೆ."

"ಹೌದಾ ಜಾನಕ್ಕ?"

"ನಮ್ಮಪ್ಪನ ಮನೆಯಲ್ಲಿ ಎಂಟು ಎಮ್ಮೆ ಇದ್ವು."

ಎಮ್ಮೆಗೂ ಮೊಲಕ್ಕೂ ಎಷ್ಟು ದೂರ ಎಂದು ಕೇಳುವ ಧೈರ್ಯ ರಾಜೀವನಿಗಿರಲಿಲ್ಲ. ಮೆಟ್ಟುಗತ್ತಿಯ ಮಣೆಯ ಮೇಲೆ ಕುಳಿತು ಒಂದು ಗಂಟೆ ಹುಲ್ಲು ಕೊಚ್ಚಿದ. ಅಗಲವಾದ ಎರಡು ಹರಿವಾಣ ತುಂಬಿತು. ಜಾನಕಿ ಕುರ್ಚಿಯಲ್ಲಿ ಕುಳಿತು ಮೇಲ್ವಿಚಾರಣೆ ಮಾಡಿದಳು. ಕೆಲಸ ಮುಗಿದಾಗ, "ಅಬ್ಬಾ, ಎಂತಾ ಸೆಕೆ" ಎನ್ನುತ್ತ ಎದ್ದು ಫ್ಯಾನು ಹಾಕಿದಳು.

ನೆಲದ ಮೇಲಿದ್ದ ಹುಲ್ಲು ಈಗ ಗೋಡೆಗೂ ಹತ್ತಿತು. ಬೆವರಿದ್ದ ರಾಜೀವನಿಗೆ ಮೈತುಂಬ ಅಂಟಿ, ಅವನು ಗದ್ದೆಯಲ್ಲಿ ನಿಲ್ಲಿಸಿದ ಬೆರ್ಚಪ್ಪನಂತೆ ಕಂಡ. ಮೊಲಗಳು ಸೋಫಾದ ಕೆಳಗೆ ಕುಳಿತು ಸೀನಿದವು.

"ನಾನೆಂತ ಮಾಡ್ಲಿ, ಫ್ಯಾನು ಜೋರುಂಟು" ಎಂದು ಜಾನಕಿ ಬೆಕ್ಕನ್ನು ಎತ್ತಿಕೊಂಡು ಇಳಿದಳು.

ಮಧ್ಯಾಹ್ನ ಎರಡಕ್ಕೆ, ಪ್ರತಿ ಶನಿವಾರದಂತೆ, ಅಂಕೋಲೆ ಕಡೆಯಿಂದ ತರಕಾರಿ ಮಾರಲು ಬರುವ ಕಮಲಿ ಹುಲ್ಲಿನ ಹೊರೆ ತಂದು ಬಾಗಿಲಲ್ಲಿಳಿಸಿದಳು. ಒಳಗೆ ಇಣುಕಿದಳು.

"ಎಂತದಾ ತಮ್ಮಾ ಇದು, ಒಳಗೇ ಕೊಯ್ಲು ಮಾಡ್ದ್ಯಾ?"

ರಾಜೀವ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ. ಕಮಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು.

"ಅವು ತಿಂತಾ ತಿಂತಾನೇ ಹಿಕ್ಕೆ ಹಾಕೋ ಜೀವ. ಹಿಕ್ಕೆ ಎಲ್ಲಿ ಹಾಕ್ತಾವೆ?"

"ಆ ಮೂಲೆಯ ಟಬ್ಬಿನಲ್ಲಿ."

"ಹಂಗಾದ್ರೆ ಹುಲ್ಲು ಈ ಮೂಲೇಲಿ ಯಾಕೆ ಇಟ್ಟೆ? ಅದ್ರ ಮೇಲೇ ಇಡು. ಅಲ್ಲೇ ಕೂತು ತಿಂತಾವೆ, ಬಿದ್ದದ್ದೂ ಅದ್ರೊಳಗೇ ಬೀಳ್ತದೆ. ಉದ್ದ ಹುಲ್ಲೇ ಹಾಕು, ಕೊಚ್ಚಬೇಡ."

ಮೊಲ ಬಂದ ಹನ್ನೊಂದು ತಿಂಗಳಲ್ಲಿ ತನಗೆ ಹೊಳೆಯದ ವಿಷಯವನ್ನು ಅವಳು ಒಂದು ಎಲೆ ಜಗಿಯುವಷ್ಟರಲ್ಲಿ ಹೇಳಿ ಹೋದಳು.

ರಾಜೀವ ಅಂಗಡಿಯಿಂದ ತಂದಿದ್ದ ಕಾಗದದ ಖಾಲಿ ರಟ್ಟಿನ ಪೆಟ್ಟಿಗೆ ತೆಗೆದು, ಮುಂಭಾಗದಲ್ಲಿ ಮೊಲದ ಮೂತಿಯಷ್ಟಗಲದ ನಾಲ್ಕು ತೂತು ಕೊರೆದ. ಉದ್ದ ಹುಲ್ಲು ತುಂಬಿ, ಟಬ್ಬಿನ ಮೇಲೆ ಬರುವಂತೆ ಗೋಡೆಗೆ ಕಟ್ಟಿದ. ಟಬ್ಬಿನ ಕೆಳಗೆ ಹಳೆಯ ಚಾದರ ಹಾಸಿದ. ಬಂಗಡೆ ಬಂದು ಟಬ್ಬಿನೊಳಗೆ ಕುಳಿತು ಎಳೆಯಿತು, ತಿಂದಿತು, ಚೆಲ್ಲಿತು. ಚೆಲ್ಲಿದ್ದು ಟಬ್ಬಿಗೇ ಬಿತ್ತು. ತಾರ್ಲೆಯೂ ಬಂತು. ರಾಜೀವ ಅರ್ಧ ಗಂಟೆ ಉಸಿರು ಬಿಗಿಹಿಡಿದು ನೋಡಿದ. ಟಬ್ಬಿನ ಹೊರಗೆ ಬಿದ್ದದ್ದು ಒಟ್ಟು ಮೂರೆಳೆ, ಅದೂ ಚಾದರದ ಮೇಲೆ.

ಆಮೇಲೆ ಅವನು ಗುಡಿಸಿದ್ದನ್ನು ಅವನ ಅವ್ವ ನೋಡಿದ್ದರೆ ಕಣ್ಣೀರು ಹಾಕುತ್ತಿದ್ದಳು. ಗೋಡೆ ಒರೆಸಿದ, ಫ್ಯಾನಿನ ಎಲೆ ಒರೆಸಿದ, ಬಾಗಿಲ ಸಂದಿಯ ಹುಲ್ಲನ್ನು ಹಲ್ಲುಕಡ್ಡಿಯಿಂದ ತೆಗೆದ.

ಐದಕ್ಕೆ ಸರಿಯಾಗಿ ಮಂಗಲಾಬಾಯಿ ಮೆಟ್ಟಿಲು ಹತ್ತಿದರು. ಯಾರ ವಿಷಯಕ್ಕೂ ಹೋಗದ ಜಾನಕಿ ಅವರ ಹಿಂದೆ, ಹಾಳಾದ ಬಲೆಯ ದುಃಖದಲ್ಲಿದ್ದ ಕಿಶೋರ ಅವಳ ಹಿಂದೆ. ಮಂಗಲಾಬಾಯಿ ಸೋಫಾದ ಕೆಳಗೆ ಬಗ್ಗಿ ನೋಡಿದರು. ಕಿಟಕಿಯ ಮೇಲೆ ಬೆರಳೆಳೆದು ನೋಡಿದರು. ಅಡುಗೆಮನೆಯ ಡಬ್ಬಿಗಳ ಹಿಂದೆ ನೋಡಿದರು. ಕೊನೆಗೆ ರಟ್ಟಿನ ಪೆಟ್ಟಿಗೆಯ ಮುಂದೆ ನಿಂತು ಫೋನೆತ್ತಿ, ಅತ್ತ ಇತ್ತ ತಿರುಗಿಸಿ ಯಾರಿಗೋ ತೋರಿಸಿದರು.

"ಒಂದೆಳೆ ಹುಲ್ಲೂ ಇಲ್ಲ" ಎಂದರು.

"ಇಲ್ಲ ಬಾಯಿ" ಎಂದ ರಾಜೀವ. ಇಡೀ ಜನ್ಮದಲ್ಲಿ ಅವನು ಅಷ್ಟು ಹೆಮ್ಮೆಯಿಂದ ಇಲ್ಲ ಎಂದಿರಲಿಲ್ಲ. ಜಾನಕಿಯ ಮುಖ ಬಾಡಿತು.

"ಸಮಾಧಾನ ಆಯ್ತು." ಮಂಗಲಾಬಾಯಿ ಕುರ್ಚಿ ಎಳೆದು ಕುಳಿತರು. "ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ನನ್ನ ಮಗಳು ಸ್ವಾತಿ ಇದ್ದಾಳಲ್ಲ, ಅವಳೂ ಮೊಲ ಸಾಕಿದ್ಲು. ಮನೆ ತುಂಬ ಹುಲ್ಲು. ಅತ್ತೆಗೆ ಸೀನು ನಿಲ್ಲೋದಿಲ್ಲ. ಯಾರಿಗಾದ್ರೂ ಕೊಡೋಣ ಅಂದ್ರೆ, ಗಲೀಜು ಮಾಡೋರ ಮನೆಗೆ ನನ್ನ ಮೊಲ ಕೊಡೋದಿಲ್ಲ ಅಂತ ಸ್ವಾತಿಯ ಹಟ. ಬೆಳಿಗ್ಗೆ ಜಾನಕಿ ಫೋನು ಮಾಡಿದ್ದು ದೇವರೇ ಹೇಳಿಸಿದ ಹಾಗಾಯ್ತು. ಸ್ವಾತಿ ಹೇಳಿದ್ಲು, ಹೋಗಿ ನೋಡು, ಅವರ ಮನೆಯಲ್ಲಿ ಹುಲ್ಲು ಕಂಡ್ರೆ ಸುಮ್ಮನೆ ವಾಪಸ್ ಬಾ, ಇಲ್ಲದಿದ್ರೆ ಮೊಲ ಅಲ್ಲೇ ಬಿಟ್ಟು ಬಾ ಅಂತ."

ರಾಜೀವ ತನ್ನ ಎರಡು ಮೊಲಗಳ ಕಡೆ ನೋಡಿದ. "ಎಷ್ಟು ಬಾಯಿ?"

"ಏಳು. ಕೆಳಗೆ ಟೆಂಪೋದಲ್ಲಿವೆ."

ಜಾನಕಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಕಿಶೋರನಿಗೂ ಅವಳ ಹಾಲೇ ನೆನಪಾಗಿರಬೇಕು, ಅವಳ ಹಿಂದೆಯೇ ಇಳಿದ. ರಾಜೀವ ಗೋಡೆಗೆ ಒರಗುವ ನೆಪದಲ್ಲಿ ಪೆಟ್ಟಿಗೆಗೆ ಮೊಣಕೈ ಕೊಟ್ಟ. ಪೆಟ್ಟಿಗೆ ಕಳಚಿ ಬಿತ್ತು. ಹುಲ್ಲು ನಡುಮನೆಯ ತುಂಬ ಹರಡಿತು.

"ನೋಡಿ ಬಾಯಿ" ಎಂದ ಅವನು ಆಸೆಯಿಂದ. "ಇಲ್ಲಿ ದಿನಾ ಹೀಗೇ."

"ಇರಲಿ ಬಿಡಿ" ಎಂದರು ಮಂಗಲಾಬಾಯಿ ಪ್ರೀತಿಯಿಂದ. "ಸ್ವಾತಿಗೆ ಫೋನಿನಲ್ಲಿ ಆಗಲೇ ಎಲ್ಲ ತೋರಿಸಿ ಆಯ್ತು. ಅವಳಿಗೆ ಬಹಳ ಖುಷಿ."

ರಾಜೀವ ಸೋಫಾದ ಮೇಲೆ ಕುಸಿದ. ಟೆಂಪೋದ ಚಾಲಕ ಜಟ್ಟ ಎರಡೂ ಕೈಯಲ್ಲಿ ದೊಡ್ಡ ಗೂಡೊಂದನ್ನು ಹಿಡಿದು, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ.

"ಎಲ್ಲಿಡ್ಬೇಕು ಬಾಯಿ?"

ಮಂಗಲಾಬಾಯಿ ಕೋಣೆಯನ್ನೆಲ್ಲ ಒಮ್ಮೆ ಅಳೆದು ನೋಡಿ, ಸೋಫಾದ ಕಡೆ ಕೈ ತೋರಿಸಿದರು.

"ಅವರು ಏಳಲಿ, ಅಲ್ಲೇ ಇಡು."