ಏಳನೇ ಟರ್ಮಿನಲ್‌ಗೆ ಬಡ್ತಿ

ದಾಖಲೆ ಇಲಾಖೆಯ ನಿಯಮಾವಳಿಯ ಪ್ರಕಾರ, ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ತನ್ನ ಜಾಗದಲ್ಲಿದ್ದು ಸಂಜೆಯವರೆಗೆ ಅಲ್ಲಿಂದ ಕದಲದಿರುವವನೇ ಕಾಯಂ ನೌಕರ. ಅಂಥವರು ಇಲಾಖೆಯಲ್ಲಿ ಈವರೆಗೆ ಯಾರೂ ಕಂಡುಬಂದಿರಲಿಲ್ಲ.

ಅಲ್ಲಿನ ಪ್ರೋಗ್ರಾಮರ್ ಹನ್ನೊಂದು ವರ್ಷದಿಂದ ಹಂಗಾಮಿ. ದಿನಾ ಕೋಡ್ ಎಡಿಟರ್ ತೆರೆದು, ಅದರೊಳಗೆ ಆರು ಟರ್ಮಿನಲ್‌ಗಳನ್ನು, ಅಂದರೆ ಆಜ್ಞೆ ಕೊಡುವ ಆರು ಕಪ್ಪು ಚೌಕಗಳನ್ನು ಒಂದೊಂದಾಗಿ ತೆರೆದು, ಒಂದಕ್ಕೆ ಸರ್ವರ್ ಓಡಿಸು, ಇನ್ನೊಂದಕ್ಕೆ ದೋಷ ಹುಡುಕು, ಮತ್ತೊಂದಕ್ಕೆ ನಕಲು ತೆಗೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಹತ್ತೂಮುಕ್ಕಾಲಾಗುತ್ತಿತ್ತು. ಹತ್ತಕ್ಕೇ ಕೆಲಸ ಶುರುವಾಗಿ ಈ ಸಲದ ಕಾಯಂ ಪಟ್ಟಿಯಲ್ಲಾದರೂ ಹೆಸರು ಬರಲಿ ಎಂದು ಅವಳು ಒಂದು ಪುಟ್ಟ ಫೈಲ್ ಬರೆದಳು. ಆರಕ್ಕೂ ಒಂದೊಂದು ಹೆಸರಿಟ್ಟಳು. ಹತ್ತು ಹೊಡೆದದ್ದೇ ತಡ, ಕಂಪ್ಯೂಟರ್ ತಾನೇ ಏಳುತ್ತಿತ್ತು, ಆರೂ ಸಾಲಾಗಿ ತೆರೆದುಕೊಂಡು ಕೆಲಸ ಹಿಡಿಯುತ್ತಿದ್ದವು.

ಸೋಮವಾರ ತಪಾಸಣೆಗೆ ಬಂದ ಸಿಬ್ಬಂದಿ ಅಧೀಕ್ಷಕರು ಪರದೆ ನೋಡಿ ಕನ್ನಡಕ ಒರೆಸಿಕೊಂಡರು.

"ಯಾರಮ್ಮ ಇವರೆಲ್ಲ?"

"ನನ್ನ ಟರ್ಮಿನಲ್‌ಗಳು ಸಾರ್. ತಾವಾಗೇ ಶುರುವಾಗ್ತವೆ."

"ಹತ್ತಕ್ಕೇ? ಟೀಗೆ ಏಳೋದಿಲ್ವಾ?"

"ಇಲ್ಲ ಸಾರ್."

"ನೀನು ಎಷ್ಟಕ್ಕೆ ಬಂದೆ?"

"ಹತ್ತೂ ನಾಲ್ಕಕ್ಕೆ. ಬಸ್ಸು..."

ಅಧೀಕ್ಷಕರು ಎರಡನ್ನೂ ಬರೆದುಕೊಂಡರು.

ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಆದೇಶ ಬಿತ್ತು: "ಸಮಯಪಾಲನೆ, ಶಿಸ್ತು ಹಾಗೂ ಮೌನವನ್ನು ಪರಿಗಣಿಸಿ ಕೆಳಕಂಡ ಆರು ಜನರ ಸೇವೆಯನ್ನು ಕಾಯಂಗೊಳಿಸಲಾಗಿದೆ." ನೌಕರರ ಸಂಘದವರು ಹೂಗುಚ್ಛ ತಂದು ಕೀಬೋರ್ಡಿನ ಮೇಲಿಟ್ಟರು. ಅದರ ಭಾರಕ್ಕೆ ಕೀಗಳು ಒತ್ತಿಹೋಗಿ ನಕಲು ತೆಗೆಯುವ ಟರ್ಮಿನಲ್ ಅರ್ಧ ದಿನ ನಿಂತುಹೋಯಿತು. ಅದನ್ನು ಗಳಿಕೆ ರಜೆ ಎಂದು ದಾಖಲಿಸಲಾಯಿತು.

"ಕಾಯಂ ಆಯ್ತೇನೇ?" ಸಂಜೆ ಬಾಗಿಲಲ್ಲೇ ಅಕ್ಕ ಕೇಳಿದಳು.

"ಆಯ್ತು. ನನಗಲ್ಲ."

ಆರು ಕಪ್ಪು ಚೌಕಗಳ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಅವಳಿಗೆ ಅಳು ಬಂತು.

ಎಲ್ಲ ಕೇಳಿಸಿಕೊಂಡ ಅಕ್ಕ, "ಮತ್ತೆ ನಿನ್ನ ಹೆಸರನ್ನೂ ಅದರಲ್ಲೇ ಸೇರಿಸೇ, ಅದಕ್ಕೇನು ದಾಡಿ?" ಎಂದಳು.

ಕಚೇರಿಗೆ ಹೋದವಳೇ ಅವಳು ಫೈಲಿಗೆ ಒಂದು ಸಾಲು ಸೇರಿಸಿದಳು. ಅವಳದೇ ಹೆಸರಿನ ಏಳನೇ ಟರ್ಮಿನಲ್ ತೆರೆದುಕೊಂಡಿತು. ಅದಕ್ಕೆ ಕೆಲಸವೇನೂ ಇರಲಿಲ್ಲ. ಮುಂದಿನ ಪಟ್ಟಿಯಲ್ಲಿ ಹೆಸರು ಬಂದೇ ಬಂತು. ಅಕ್ಕನಿಗೆ ಫೋನ್ ಮಾಡಿ ಹೇಳಿ, ಅಧೀಕ್ಷಕರ ಕೋಣೆಗೆ ಓಡಿದಳು.

"ನನ್ನ ಅಭಿನಂದನೆ ಅದಕ್ಕೆ ತಿಳಿಸಮ್ಮ."

"ಸಾರ್, ಅದು ನಾನೇ!"

"ಹೇಗಾಗುತ್ತೆ? ನೀನು ಹತ್ತೂ ನಾಲ್ಕು. ಅದು ಹತ್ತು."

"ಅದಕ್ಕೆ ಕೆಲಸಾನೇ ಇಲ್ಲ ಸಾರ್! ಸುಮ್ನೆ ಕರ್ಸರ್ ಮಿಟುಕಿಸ್ತಾ ಕೂತಿರುತ್ತೆ!"

ಅಧೀಕ್ಷಕರು ಪೆನ್ನು ಕೆಳಗಿಟ್ಟರು. "ಆರು ಜನ ದುಡೀತಿರುವಾಗ ಏನೂ ಮಾಡದೆ ನೋಡ್ತಾ ಕೂತಿರುತ್ತಾ? ಮೊದಲೇ ಹೇಳಬಾರದಾ?"

ಅಂದೇ ಏಳನೇ ಟರ್ಮಿನಲ್‌ಗೆ ಮೇಲ್ವಿಚಾರಕ ಹುದ್ದೆಗೆ ಬಡ್ತಿಯಾಯಿತು. ಹಂಗಾಮಿ ಪ್ರೋಗ್ರಾಮರನ್ನು ಅದರ ಅಧೀನದಲ್ಲಿ ಮುಂದುವರಿಸಲಾಯಿತು.

ಆ ಒಂದು ಸಾಲನ್ನು ಅಳಿಸಿಬಿಡುವುದು ಅವಳ ಕೈಯಲ್ಲೇ ಇತ್ತು. ಆದರೆ ಅಕ್ಕ ಅಷ್ಟರಲ್ಲಾಗಲೇ ಬೀದಿಗೆಲ್ಲ ಹೇಳಿಬಿಟ್ಟಿದ್ದಳು: "ನಮ್ಮ ತಂಗಿ ಕಾಯಂ ಆದ್ಲು!"

ಮರುದಿನ ಹತ್ತೂ ನಾಲ್ಕಕ್ಕೆ ಬಂದವಳು ಪರದೆಯ ಮುಂದೆ ನಿಂತೇ, ತಡವಾದದ್ದಕ್ಕೆ ಕ್ಷಮೆ ಕೋರಿ, ತನ್ನದೇ ಹೆಸರಿಗೆ ಅರ್ಜಿ ಟೈಪ್ ಮಾಡಿದಳು. ಕರ್ಸರ್ ಮಿಟುಕಿತು.

"ಪರಿಶೀಲನೆಯಲ್ಲಿದೆ ಅಂತ ಅರ್ಥ," ಎಂದರು ಹಿಂದೆ ಬಂದು ನಿಂತಿದ್ದ ಅಧೀಕ್ಷಕರು. "ಅಲ್ಲೀತನಕ ನಿಂತಿರು."

ಅವಳು ನಿಂತಳು.