ಹತ್ತು ಬಗೆಯ ಮೀನು

ಈ ಮೂರು ಪ್ರಸಂಗಗಳು ನಡೆದದ್ದು ಕಳೆದ ಡಿಸೆಂಬರಿನಲ್ಲಿ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕಡಲತೀರದ ಮೀನು ಗಣತಿಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಪರೀಕ್ಷೆ ಇಷ್ಟೇ: ಕಣ್ಣಿಗೆ ಮಾಸ್ಕ್, ಬಾಯಲ್ಲಿ ಉಸಿರಾಡಲು ಸ್ನಾರ್ಕೆಲ್ ಕೊಳವೆ, ಬೋರಲಾಗಿ ತೇಲುತ್ತ ಅರ್ಧ ಗಂಟೆಯಲ್ಲಿ ಹತ್ತು ಬಗೆಯ ಮೀನು ಗುರುತಿಸಬೇಕು. ದಾವಣಗೆರೆಯಲ್ಲಿ ಕೂತು ಸಮುದ್ರಕ್ಕೆ ತಯಾರಾದರೆ ಇಂಥವು ಆಗುತ್ತಲೇ ಇರುತ್ತವೆ.

೧. ಹೊಳೆ

ತೇಲುವ ಅಭ್ಯಾಸಕ್ಕೆ ಅಪ್ಪಾಜಿ ಹರಿಹರದ ಹೊಳೆಗೆ ಕರೆದೊಯ್ದರು. ನಾನು ಅಲುಗಾಡದೆ ತಳ ನೋಡುತ್ತಿದ್ದೆ. ದಡದಲ್ಲಿ ಜನ ಸೇರಿದರು. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಅಪ್ಪಾಜಿಗೆ, "ಧೈರ್ಯ ತಗೊಳ್ರಿ" ಎಂದಳಂತೆ.

"ಏನಾಗಿಲ್ಲಜ್ಜಿ, ಮೀನು ನೋಡಾಕತ್ತಾಳೆ."

"ಪಾಪ, ದುಃಖಕ್ಕೆ ಏನೇನೋ ಮಾತಾಡ್ತಾರೆ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ನಾನು ಎದ್ದು ನಿಂತೆ. ಅಜ್ಜಿಗೆ ಸಿಟ್ಟು ಬಂತು. "ಏಳಾಕೆ ಬರಂಗಿದ್ರೆ ಮೊದ್ಲೇ ಏಳಬಾರ್ದೇನೇ?"

೨. ಮಾರ್ಕೆಟ್ಟು

ನಮ್ಮ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ರೆಕ್ಕೆ, ಬಾಲಗಳನ್ನು ಹತ್ತಿರದಿಂದ ನೋಡಲು ಮೀನು ಮಾರ್ಕೆಟ್ಟಿಗೆ ಹೋದೆ. ಯಾರೋ ನೋಡಿದ್ದರು. ಸಂಜೆಗೆ ಎಸ್.ಎಸ್. ಬಡಾವಣೆಯಿಂದ ಸೋದರತ್ತೆ ಬಂದರು.

"ತಿನ್ನಾಕೆ ಹೋಗಿದ್ಯಾ?"

"ಇಲ್ಲತ್ತೆ, ಗುರುತು ಹಿಡಿಯಾಕೆ."

ಅತ್ತೆ ಅಮ್ಮನ ಕಡೆ ತಿರುಗಿದರು. "ಒಂದ್ಸಲ ತಿಂದಿದ್ರೆ ಹೋಗ್ಲಿ ಅನ್ನಬೋದಿತ್ತು. ಗುರುತು ಹಿಡಿಯಾಕೆ ಕಲೀತಾಳಂದ್ರೆ ಇದು ದಿನಾ ತಿನ್ನೋ ಲಕ್ಷಣ."

೩. ಸಮುದ್ರ

ಪರೀಕ್ಷೆ ನಡೆದದ್ದು ಮುರುಡೇಶ್ವರದ ಹತ್ತಿರ, ಬಂಡೆಗಳ ನಡುವೆ, ಎದೆಮಟ್ಟದ ನೀರಿನಲ್ಲಿ. ಪರೀಕ್ಷಕರು ಪಕ್ಕದಲ್ಲೇ ತೇಲುತ್ತಿದ್ದರು. ಅಪ್ಪಾಜಿ ಬಂಡೆಯ ಮೇಲೆ ಕೂತಿದ್ದರು. ಗಿಳಿಮೀನು, ಚಿಟ್ಟೆಮೀನು, ಪಟ್ಟೆಮೀನು. ಬೇಗ ಬೇಗ ಆರು ಬಗೆ ಆದವು. ಆಮೇಲೆ ಎಲ್ಲಿ ನೋಡಿದರೂ ಪಟ್ಟೆಮೀನು. ಹಿಂಡುಹಿಂಡಾಗಿ ಬಂದು ಮಾಸ್ಕಿಗೇ ಬಡಿದವು. ಬೇರೇನೂ ಕಾಣಲಿಲ್ಲ.

ತಲೆ ಎತ್ತಿದೆ. ಅಪ್ಪಾಜಿ ದಾರಿಗೆಂದು ತಂದಿದ್ದ ಮಂಡಕ್ಕಿಯನ್ನು ಚೀಲದಿಂದ ನೀರಿಗೆ ಸುರಿಯುತ್ತಿದ್ದರು.

"ಏನ್ ಮಾಡ್ತಿದೀರಿ ಅಪ್ಪಾಜಿ?"

"ನೀನು ಹುಡುಕ್ಕೊಂತ ತಿರುಗಾದು ಬ್ಯಾಡ. ಅವೇ ಬರ್ತಾವೆ."

ಮಂಡಕ್ಕಿ ಮುಗಿಯುವ ಮೊದಲು ಸಮಯ ಮುಗಿಯಿತು. ಪರೀಕ್ಷಕರು ಮೇಲೆ ಬಂದು, ತಲೆಗೂದಲಿಗೆ ಅಂಟಿದ್ದ ಮಂಡಕ್ಕಿ ಕೊಡವಿಕೊಂಡರು. ಅಪ್ಪಾಜಿ ಮುಂದೆ ಹೋಗಿ ನಿಂತರು.

"ಇನ್ನೂರರ ಮೇಲೆ ಅದಾವ್ರಿ ಸರ್. ನಾನೇ ಸಾಕ್ಷಿ. ನೀವು ಕೇಳಿದ್ದು ಬರೇ ಹತ್ತಲ್ರಿ?"

ಪರೀಕ್ಷಕರು ನಗು ತಡೆದುಕೊಂಡು ನನಗೆ, "ಮುಂದಿನ ತಿಂಗಳು ಇನ್ನೊಮ್ಮೆ ಬನ್ನಿ" ಎಂದರು. ಅಪ್ಪಾಜಿಗೆ, "ನೀವು ಮನೇಲೇ ಇರಿ" ಎಂದರು.

ಜನವರಿಯಲ್ಲಿ ಅಪ್ಪಾಜಿ ಬಸ್ ನಿಲ್ದಾಣದವರೆಗೆ ಮಾತ್ರ ಬಂದರು. ಕಂಡ ಮೀನು ಹನ್ನೊಂದು ಬಗೆ.