ದೂಧಗಂಗೆಗೆ ಬಿದ್ದ ಬಿ.ಎ.

ಎರಡು ಸಂಗತಿಗಳು ಈ ಜನ್ಮದಲ್ಲಿ ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ ಸಿದ್ದಪ್ಪ. ಒಂದು, ಕುರಿ ಕಾಯುವ ನಮ್ಮ ಮನೆತನದಲ್ಲಿ ಒಬ್ಬನಾದರೂ ಬಿ.ಎ. ಪಾಸಾಗುವುದು. ಎರಡು, ನನ್ನ ಗಾಳಕ್ಕೆ ಮೀನು ಬೀಳುವುದು. ಮಾವ ಕೆಟ್ಟ ಮನುಷ್ಯನೇನಲ್ಲ. ಮೃಗಶಿರಾ ಹುಟ್ಟಿದರೆ ಮಳೆ ಬರುತ್ತದೆ, ಮಳೆ ಬಂದರೆ ಕುರಿಗೆ ಕೆಮ್ಮು ಬರುತ್ತದೆ ಎಂದು ಹೇಳುವ ಧಾಟಿಯಲ್ಲೇ ಇವೆರಡನ್ನೂ ಹೇಳುತ್ತಿದ್ದ. ಅದರಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಮೊದಲನೆಯ ಮಾತನ್ನು ಸುಳ್ಳು ಮಾಡಲು ನನಗೆ ಐದು ವರ್ಷ ಹಿಡಿಯಿತು. ಮೂರು ವರ್ಷ ಪದವಿಗೆ, ಉಳಿದೆರಡು ಇಂಗ್ಲಿಷಿಗೆ. ಎರಡನೆಯ ಮಾತು ಮಾತ್ರ ಗಟ್ಟಿಯಾಗಿ ನಿಂತಿತ್ತು. ಹಾಗಿರುವಾಗ ಒಂದು ದಿನ ಮುಂಜಾನೆ ನನ್ನ ಬಿ.ಎ. ಪ್ರಮಾಣಪತ್ರವೇ ದೂಧಗಂಗೆಗೆ ಬಿದ್ದು, ನನ್ನ ಕಣ್ಣೆದುರಿಗೇ ತೇಲುತ್ತ ಹೊರಟಿತು. ಆ ಕಥೆ ಹೇಳಬೇಕಾದರೆ ಮೊದಲು ನನ್ನ ಮೀನಿನ ಹುಚ್ಚನ್ನು ಒಪ್ಪಿಕೊಳ್ಳಬೇಕು.

ಎಂಬತ್ತರ ದಶಕದ ಕೊನೆಯ ಮಾತು. ಪಾಸಾದ ಮೇಲೆ ಒಂದೂವರೆ ವರ್ಷ ನೌಕರಿಗೆ ಅರ್ಜಿ ಹಾಕುತ್ತ ಮನೆಯಲ್ಲಿ ಕುಳಿತೆ. ಬೋರಗಾಂವದಿಂದ ಸ್ವಲ್ಪ ದೂರ, ನದಿದಂಡೆಯ ಊರು ನಮ್ಮದು. ಪದವೀಧರ ಕುರಿ ಕಾದರೆ ಊರು ನಗುತ್ತದೆ. ಕಾಯದಿದ್ದರೆ ಮಾವ ನಗುತ್ತಾನೆ. ಎರಡಕ್ಕೂ ಸಿಗದ ಒಂದೇ ಉದ್ಯೋಗವೆಂದರೆ ನದಿದಂಡೆಯಲ್ಲಿ ಪುಸ್ತಕ ಹಿಡಿದು ಕೂಡುವುದು. ಆ ಪುಸ್ತಕ ನಿಪ್ಪಾಣಿ ಸಂತೆಯ ರದ್ದಿಯಲ್ಲಿ ಸಿಕ್ಕದ್ದು. ಇಂಗ್ಲಿಷ್ ಪುಸ್ತಕ, ಮೊದಲ ಪುಟ ಹರಿದುಹೋಗಿತ್ತು, ಒಳಗೆಲ್ಲ ಬಾಸ್ ಎಂಬ ಮೀನನ್ನು ಹಿಡಿಯುವ ಉಪದೇಶ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಶಬ್ದಕೋಶ ಪಕ್ಕಕ್ಕಿಟ್ಟುಕೊಂಡು ಕೊನೆಯ ಪುಟದವರೆಗೂ ಓದಿದ ಮೊದಲ ಇಂಗ್ಲಿಷ್ ಪುಸ್ತಕ ಅದೇ. ಬಾಸ್ ಮೀನು ನಮ್ಮ ಹೊಳೆಗಳಲ್ಲಿ ಇರುವುದೇ ಇಲ್ಲ ಎಂಬುದು ಬಹಳ ತಡವಾಗಿ ಗೊತ್ತಾಯಿತು. ಪುಸ್ತಕ ಬರೆದವನಿಗೆ ದೂಧಗಂಗೆ ಗೊತ್ತಿರಲಿಲ್ಲ, ನನಗೆ ಬಾಸ್ ಗೊತ್ತಿರಲಿಲ್ಲ, ಲೆಕ್ಕ ಸರಿಹೋಯಿತು.

ಆದರೂ ಆ ಪುಸ್ತಕದಲ್ಲಿ ಸತ್ಯವಿತ್ತು. ನಮ್ಮ ಕಡೆ ಮರಳ ಎಂದು ಕರೆಯುವ ಕೊರವ ಮೀನು ಥೇಟು ಬಾಸಿನ ಸ್ವಭಾವದ್ದೇ. ಜೊಂಡಿನ ನೆರಳಲ್ಲಿ ಸತ್ತಂತೆ ಬಿದ್ದಿರುತ್ತದೆ, ಮುಂದೆ ಏನಾದರೂ ಮಿಂಚಿತೋ, ಹಾರಿ ಕಚ್ಚುತ್ತದೆ. ಓದುಗರಲ್ಲಿ ಯಾರಿಗಾದರೂ ಈ ಹುಚ್ಚಿದ್ದರೆ ನನ್ನ ಸಲಹೆ ಕೇಳಿ. ನೀರು ಕೆಂಪಾಗಿದ್ದಾಗ ಎರೆಹುಳು ಕಟ್ಟಿ, ತಿಳಿಯಾದ ಮೇಲೆ ಸಣ್ಣ ಕಪ್ಪೆ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಿ. ಸೆಳೆತವಿರುವ ನಡುನೀರು ಬಿಟ್ಟು, ಅದರ ಅಂಚಿನಲ್ಲಿ ನೀರು ಸುಸ್ತಾಗಿ ತಿರುಗುವ ಜಾಗ ಹುಡುಕಿ. ಇದಿಷ್ಟೂ ನನಗೆ ಬಾಯಿಪಾಠವಿತ್ತು. ಮಾವನಿಗೆ ಇದಾವುದನ್ನೂ ಹೇಳಲು ಬರುತ್ತಿರಲಿಲ್ಲ. ಅವನಿಗೆ ಮೀನು ಸಿಗುತ್ತಿತ್ತು. ಕುರಿ ನೀರು ಕುಡಿಯುವಷ್ಟರಲ್ಲಿ ಒಂದು ಬಿದಿರ ಕೋಲು, ತಂಗೂಸಿನ ದಾರ, ಜೋಳದ ದಂಟಿನ ಬೆಂಡು, ಇಷ್ಟರಲ್ಲೇ ಎರಡು ಮೀನು ಎತ್ತಿ ರುಮಾಲಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ. ನನ್ನ ಬಳಿ ಕೊಲ್ಲಾಪುರದ ಹಳೆಸಾಮಾನಿನ ಅಂಗಡಿಯಿಂದ ತಂದ ಫೈಬರ್ ಕೋಲಿತ್ತು, ಗರಗರ ತಿರುಗುವ ರೀಲಿತ್ತು, ರೀಲಿಗೆ ಹಚ್ಚಲು ಡಬ್ಬಿಯ ತುಂಬ ಗ್ರೀಸಿತ್ತು.

ಇಲ್ಲಿ ಒಂದು ಕಳವಿನ ವಿಷಯವನ್ನೂ ಹೇಳಿಬಿಡುತ್ತೇನೆ. ಚಮಚದಂಥ ತಗಡಿನ ತುಂಡಿಗೆ ಗಾಳ ಕಟ್ಟಿ ನೀರಿನಲ್ಲಿ ಎಳೆದರೆ ಅದು ಮರಿಮೀನಿನಂತೆ ಹೊಳೆಯುತ್ತದೆ ಎಂದು ಪುಸ್ತಕದಲ್ಲಿ ಚಿತ್ರಸಮೇತ ಇತ್ತು. ಚಮಚದಂಥದ್ದು ಯಾಕೆ, ಚಮಚವೇ ಇದೆಯಲ್ಲ ಎಂದು ನಾನು ಅವ್ವನ ಸ್ಟೀಲಿನ ಚಮಚದ ಹಿಡಿಕೆ ಕತ್ತರಿಸಿ, ತೂತು ಕೊರೆದು, ಮೂರು ಬಾಯಿಯ ಗಾಳ ಕಟ್ಟಿದೆ. ಅವ್ವ ನಾಲ್ಕು ತಿಂಗಳು ಆ ಚಮಚ ಹುಡುಕಿದಳು. ಕೊನೆಗೆ ಪಕ್ಕದ ಮನೆಯ ಶಾಂತಕ್ಕನ ಮೇಲೆ ಅನುಮಾನಪಟ್ಟು ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದಳು. ನಾನು ಸುಮ್ಮನಿದ್ದೆ. ಆ ಚಮಚಕ್ಕೂ ಒಂದೂ ಮೀನು ಬೀಳಲಿಲ್ಲ. ಆದರೆ ಪುಸ್ತಕದ ಕೊನೆಯ ಅಧ್ಯಾಯದಲ್ಲಿ, ನಿಜವಾದ ಹವ್ಯಾಸಿ ತಾನು ಹಿಡಿದ ಮೀನನ್ನು ಮುದ್ದಿಸಿ ತಿರುಗಿ ನೀರಿಗೆ ಬಿಡುತ್ತಾನೆ ಎಂದು ಬರೆದಿತ್ತು. ಆ ಅಧ್ಯಾಯ ನನ್ನ ಮಾನ ಕಾಯಿತು.

"ಏನ್ ಸಿಕ್ತೋ ಮಾರ್ಯಾ?" ಎಂದು ಮಾವ ಕೇಳುತ್ತಿದ್ದ.

"ಸಿಕ್ಕಿತ್ತ ಮಾವಾ. ಬಿಟ್ಟ ಬಂದ್ನಿ."

"ಬಿಟ್ಟ ಬಂದಿ? ಯಾಕ?"

"ಓದಿದವ್ರು ಹಂಗ ಮಾಡ್ತಾರ. ಹಿಡಿಯೂದು, ಬಿಡೂದು."

ಮಾವ ಬಾಯೊಳಗಿನ ನಿಪ್ಪಾಣಿ ತಂಬಾಕನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, "ಹೌದ್‌ಹೌದು, ಬಿಡಬೇಕ ಮತ್ತ" ಎನ್ನುತ್ತಿದ್ದ. ವರ್ಷವಿಡೀ ಹೀಗೆ ನಾನು ಹಿಡಿಯದ ಮೀನುಗಳನ್ನು ಬಿಟ್ಟು ಬಂದೆ.

ಅಷ್ಟರಲ್ಲಿ ಚಿಕ್ಕೋಡಿಯ ಸರ್ಕಾರಿ ಕಚೇರಿಯಿಂದ ಪತ್ರ ಬಂತು. ಗುಮಾಸ್ತೆಯ ಹುದ್ದೆಗೆ ನನ್ನ ಹೆಸರು ಬಂದಿದೆ, ಇಂಥ ದಿನ ಸಂಜೆ ಕಚೇರಿ ಮುಚ್ಚುವುದರೊಳಗೆ ಪದವಿಯ ಅಸಲು ಪ್ರಮಾಣಪತ್ರ ತಂದು ತೋರಿಸಬೇಕು, ತಪ್ಪಿದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮುಂದಿನವನು ಕಬ್ಬೂರಿನವನೆಂದು ವಿಚಾರಿಸಿ ತಿಳಿದುಕೊಂಡಿದ್ದೆ. ಅವನ ಹತ್ತಿರವೂ ಬಿ.ಎ. ಇತ್ತು, ಮೀನಿನ ಹುಚ್ಚು ಇರಲಿಲ್ಲ. ಅಂದರೆ ಅವನು ನನಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದ. ಚಿಕ್ಕೋಡಿ ಬಸ್ಸು ಸಿಗುವುದು ನದಿಯ ಆಚೆ ದಂಡೆಯಲ್ಲಿ. ನಾವೆಯಲ್ಲಿ ದಾಟುವಾಗ ನೀರು ಸಿಡಿದೀತೆಂದು, ಕಬ್ಬಿಗೆ ನೀರು ಹಾಯಿಸುವ ಪೈಪಿನ ಮೊಳದುದ್ದದ ತುಂಡೊಂದನ್ನು ತಂದು, ಪ್ರಮಾಣಪತ್ರವನ್ನು ಸುರುಳಿ ಸುತ್ತಿ ಒಳಗಿಟ್ಟು, ಎರಡೂ ಬಾಯಿಗೆ ಮರದ ಬಿರಡೆ ಬಡಿದು, ಮೇಲೆ ರೀಲಿನ ಗ್ರೀಸನ್ನು ಧಾರಾಳವಾಗಿ ಬಳಿದೆ. ಸುತ್ತಲಿನ ಯಾವ ಊರಿನಲ್ಲೂ ಇಂಥ ನಳಿಗೆ ಇರಲಿಲ್ಲ ಎಂಬ ಹೆಮ್ಮೆ ನನಗೆ. ಚಮಚ ಅವ್ವನ ಕಣ್ಣಿಗೆ ಬೀಳದಂತೆ ಬಟ್ಟೆ ಸುತ್ತಿದ ಕೋಲನ್ನೂ ಹೆಗಲಿಗೇರಿಸಿದೆ, ಸಂಜೆ ಬರುವಾಗ ಆಚೆ ದಂಡೆಯ ಜೊಂಡಿನಲ್ಲಿ ಒಂದು ಕೈ ನೋಡುವ ವಿಚಾರ.

ಅವ್ವ ಬಾಗಿಲಿನಲ್ಲೇ ತಡೆದಳು. ಕೈಯಲ್ಲಿ ಭಂಡಾರದ, ಅಂದರೆ ದೇವರ ಅರಿಷಿಣದ ಗಂಟು, ಕೆಂಪು ದಾರ.

"ಹೊಸಾ ಬಂಡಿ ಬಂದ್ರ ಗಂಗವ್ವಗ ತೋರಸ್ತೀವಿ. ಹೊಸಾ ಸೊಸಿ ಬಂದ್ರ ತೋರಸ್ತೀವಿ. ಇದನ್ನ ತೋರಸೂದ ಬ್ಯಾಡೇನು?"

"ಅವ್ವಾ, ಇದು ಕಾಗದ ಐತಿ ಬೇ. ನೀರಿಗಿ ತೋರಸೂದಲ್ಲ."

"ನಿನ್ನ ಕಾಗದಾ ನಾ ತಗ್ಯಾಂಗಿಲ್ಲ. ನಳಗಿ ಅಷ್ಟ ಮೂರ ಸಲ ನೀರ ಮುಟ್ಟಸು, ಸಾಕು."

ಮಾತಿಗೆ ಅವಕಾಶ ಕೊಡದೆ ಪೈಪಿನ ನಡುವಿಗೆ ಕೆಂಪು ದಾರ ಸುತ್ತಿ, ಭಂಡಾರದ ಗಂಟನ್ನು ಅದಕ್ಕೆ ಜೋತುಬಿಟ್ಟಳು. ಪದವಿಗೆ ತಾಯತ ಕಟ್ಟಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಆಚೆ ದಂಡೆಯ ನಾವೆಯವನು ಏನೆಂದುಕೊಂಡಾನು ಎಂಬ ನಾಚಿಕೆಯಲ್ಲೇ ಅವಳ ಹಿಂದೆ ನಡೆದೆ.

ನದಿಯಲ್ಲಿ ಮಹಾಪೂರ ಇಳಿದಿತ್ತು, ಸೆಳೆತ ಇಳಿದಿರಲಿಲ್ಲ. ಕೆಳಗೆ ಎರಡು ಹೊಲದಷ್ಟು ದೂರದಲ್ಲಿ ಬಾಂದಾರ, ಬೇಸಿಗೆಗೆ ಹಲಗೆ ಹಾಕಿ ನೀರು ತಡೆಯುವ ಒಡ್ಡು. ಇನ್ನೂ ಹಲಗೆ ಹಾಕಿರಲಿಲ್ಲವಾದ್ದರಿಂದ ಕಲ್ಲಿನ ಕಂಬಗಳ ನಡುವೆ ನೀರು ಭೋರೆಂದು ನುಗ್ಗುವ ಸದ್ದು ಇಲ್ಲಿಗೇ ಕೇಳುತ್ತಿತ್ತು. ನಾವೆ ಆಚೆ ದಂಡೆಯಲ್ಲಿತ್ತು. ಮಾವ ಕುರಿಗಳಿಗೆ ನೀರು ಕುಡಿಸುತ್ತಿದ್ದ.

"ಏನಬೇ ತಂಗೀ, ನಳಗಿದ ಲಗ್ನ ಮಾಡಾಕತ್ತಿಯೇನ?" ಎಂದ.

ಅವ್ವನ ಮುಂದೆ ತಗ್ಗಿದ್ದ ನನ್ನ ಪದವಿ ಮಾವನ ಮುಂದೆ ಎದ್ದು ನಿಂತಿತು. ಮೂರು ಸಲ ಮುಟ್ಟಿಸಿ ಎತ್ತಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. "ಮಾವಾ, ನೋಡಿಲ್ಲಿ. ಪೂರಾ ಮುಳಗಿಸಿದ್ರೂ ಒಂದ ಹನಿ ಒಳಗ ಹೋಗಾಂಗಿಲ್ಲ" ಎಂದು ಪೈಪನ್ನು ಎರಡೂ ಕೈಯಿಂದ ನೀರೊಳಗೆ ಅದುಮಿದೆ. ಗಾಳಿ ತುಂಬಿದ ಪೈಪು, ಮೇಲೆ ಗ್ರೀಸು. ನನ್ನ ಬಿ.ಎ.ಗೆ ವಿಜ್ಞಾನ ಇರಲಿಲ್ಲ. ಅದು ಕೈಯಿಂದ ಪುಳಕ್ಕನೆ ಜಾರಿ, ನೀರೊಳಗೇ ಮುಂದೆ ಹಾರಿ, ಎರಡು ಮಾರು ಆಚೆ ಸೆಳೆತದ ನಡುವೆ ತಲೆ ಎತ್ತಿತು.

ಅವ್ವ, "ತೋರಸಂದ್ರ ಕೊಟ್ಟಬಿಟ್ಟೆಲ್ಲೋ!" ಎಂದು ಹಣೆ ಬಡಿದುಕೊಂಡಳು.

ನನಗೆ ಈಜು ಬರುವುದಿಲ್ಲ. ನದಿದಂಡೆಯಲ್ಲಿ ಹುಟ್ಟಿದವನು ಇದನ್ನು ಎಲ್ಲೂ ಹೇಳಬಾರದು; ಓದಿನ ನೆಪದಲ್ಲಿ ತಪ್ಪಿಸಿಕೊಂಡ ವಿದ್ಯೆಗಳಲ್ಲಿ ಅದೊಂದು. ಬಂದಿದ್ದರೂ ಬಾಂದಾರದ ಮೇಲುಗಡೆಯ ಆ ಸೆಳೆತಕ್ಕೆ ಊರಿನಲ್ಲಿ ಯಾರೂ ಇಳಿಯುತ್ತಿರಲಿಲ್ಲ. ನಾನು ಕಾಲು ಮುಂದಿಟ್ಟದ್ದೇ ಅವ್ವ ಅಂಗಿಯ ಚುಂಗು ಹಿಡಿದಳು. "ಕಾಗದಾ ಹೋದ್ರ ಹೋಗಲಿ, ನೀ ಹೋಗಬ್ಯಾಡ!"

ಆಗ ಮಾವ ಕೂಗಿದ. "ಹೆಗಲ ಮ್ಯಾಗ ಏನ ಐತಲೇ? ಓಡು!"

ಹೆಗಲ ಮೇಲೆ ಕೋಲಿತ್ತು. ಓಡಿದೆ. ಕುರಿಗಳು ದಿಕ್ಕಾಪಾಲಾದವು. ಪೈಪು ನನ್ನ ಜೊತೆ ಜೊತೆಗೇ ಸಾಗುತ್ತಿತ್ತು, ಅವಸರವಿಲ್ಲದೆ, ಪಾಸಾದವರು ನಡೆಯುವ ಹಾಗೆ. ಇಪ್ಪತ್ತು ಮಾರು ಓಡಿ ನಿಂತು, ಬಟ್ಟೆ ಕಿತ್ತು ಚಮಚ ಬೀಸಿದೆ. ಅದು ಹಿಂದಿನ ಜಾಲಿಗಿಡಕ್ಕೆ ಸಿಕ್ಕಿತು. ಹಿಂದೆಯೇ ಓಡಿಬಂದ ಮಾವ ಮುಳ್ಳಿನಲ್ಲಿ ಕೈ ಹಾಕಿ ಬಿಡಿಸಿದ. ಮತ್ತೆ ಓಡಿದೆ, ಮತ್ತೆ ಬೀಸಿದೆ. ಈ ಸಲ ಮಾವನ ತಲೆಯ ಪಟಗಾ ಗಾಳಕ್ಕೆ ಸಿಕ್ಕಿ ಹಾರಿತು.

"ಲೇ, ಮೀನ ಆ ಕಡೆ ಐತಿ! ನಾ ನಿನ್ನ ಮಾವ ಅದೀನಿ!"

ಪಟಗಾ ಬಿಡಿಸುವಷ್ಟರಲ್ಲಿ ಪೈಪಿನ ಒಂದು ತುದಿ ತಗ್ಗಿತ್ತು. ಬಿರಡೆ ಸಡಿಲಾಗಿ ನೀರು ಒಳಗೆ ಹೋಗುತ್ತಿದೆ ಎಂದು ಅರ್ಥ. ಬಾಂದಾರ ಇನ್ನು ಅರ್ಧ ಹೊಲ. ಅಲ್ಲಿಂದ ನುಗ್ಗಿದರೆ ಕೃಷ್ಣೆ, ಕೃಷ್ಣೆಯಿಂದ ಸಮುದ್ರ. ಕಬ್ಬೂರಿನವನಿಗೆ ನೌಕರಿ, ನನಗೆ ಕುರಿ. ಮೂರನೆಯ ಸಲ ಬೀಸಿದೆ. ಚಮಚ ಪೈಪಿನ ಮೇಲೇ ಬೀಳುವಂತೆ ಹೋಯಿತು. ಬೀಳುವಷ್ಟರಲ್ಲಿ ಪೈಪು ಅಲ್ಲಿರಲಿಲ್ಲ.

"ಇದ್ದಲ್ಲಿ ಒಗದ್ರ ಸಿಗತೈತೇನ ಹುಚ್ಚಪ್ಯಾಲಿ! ಅದು ಬರೂ ಕಡೆ ಒಗಿ. ಮುಂದ! ಮುಂದ!"

ಇದೇ ಮಾತು ನನ್ನ ಪುಸ್ತಕದಲ್ಲಿ ಹನ್ನೆರಡು ಸಾಲಿನಲ್ಲಿತ್ತು. ನಾನು ಕೆಂಪು ಮಸಿಯಿಂದ ಗೆರೆಯನ್ನೂ ಎಳೆದಿದ್ದೆ.

ಬಾಂದಾರದ ಪಕ್ಕದ ಕಲ್ಲುಗೋಡೆ ಹತ್ತಿದೆ. ಇನ್ನು ಮುಂದೆ ಓಡಲು ದಂಡೆಯಿಲ್ಲ. ಪೈಪಿಗಿಂತ ಎರಡು ಮಾರು ಮುಂದೆ, ಅದರ ಆಚೆ ಬೀಳುವಂತೆ ಬೀಸಿದೆ. ಚಮಚ ಬಿಸಿಲಿನಲ್ಲಿ ಒಮ್ಮೆ ಹೊಳೆದು ಬಿತ್ತು. ಮೆಲ್ಲಗೆ ರೀಲು ತಿರುಗಿಸಿದೆ. ಗಾಳ ಪೈಪನ್ನು ಮುಟ್ಟಿತು, ಜಾರಿತು. ಗ್ರೀಸು! ನಾನೇ ಬಳಿದ ಗ್ರೀಸು! ಜಾರುತ್ತ ಜಾರುತ್ತ ನಡುವಿಗೆ ಬಂದು, ಅವ್ವ ಕಟ್ಟಿದ ಕೆಂಪು ದಾರಕ್ಕೆ ತಗುಲಿ ನಿಂತಿತು. ಹುಟ್ಟಿದಂದಿನಿಂದ ಮೊದಲ ಸಲ ನನ್ನ ಕೋಲು ಬಾಗಿತು.

ನಾನು ಖುಷಿಯಲ್ಲಿ ಜಗ್ಗಿದೆ.

"ಜಗ್ಗಬ್ಯಾಡ! ದಾರ ಹರೀತೈತಿ! ಸಡ್ಲ ಬಿಡು, ದಂಡಿ ಕಡೆ ತಾನ ತಿರಗತೈತಿ."

ಸಡಿಲು ಬಿಟ್ಟೆ. ಸಡಿಲು ಬಿಟ್ಟಷ್ಟೂ ಅದು ಬಾಂದಾರದ ಬಾಯಿಯ ಕಡೆ ಸರಿಯಿತು. ಬಿಡುವುದು, ಸ್ವಲ್ಪ ಸುತ್ತುವುದು, ಮತ್ತೆ ಬಿಡುವುದು. ದಾರ ಮೈಮುರಿಯುವ ಸದ್ದು ನನ್ನ ಹಲ್ಲಿನಲ್ಲಿ ಕೇಳುತ್ತಿತ್ತು. ಕೊನೆಗೆ ಪೈಪು ಸೆಳೆತ ಬಿಟ್ಟು, ಗೋಡೆಯ ಬುಡದಲ್ಲಿ ನೀರು ಸುಸ್ತಾಗಿ ತಿರುಗುವ ಆ ಜಾಗಕ್ಕೆ ಬಂತು. ಮಾವ ತೊಡೆಮಟ ನೀರಿಗಿಳಿದು, ಆಗ ತಾನೇ ಹುಟ್ಟಿದ ಕುರಿಮರಿಯನ್ನು ಎತ್ತುವಂತೆ ಅದನ್ನು ಎದೆಗವಚಿ ಎತ್ತಿದ.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಅವ್ವ ಪೈಪನ್ನು ನೋಡಲೇ ಇಲ್ಲ. "ಇದು ನನ್ನ ಚಮಚೆ ಅಲ್ಲೇನು? ಅಯ್ಯ ಶಿವನ, ಶಾಂತಕ್ಕಗ ಏನೇನ ಅಂದ್ನೆಲ್ಲೋ ನಾನು!"

ಚಿಕ್ಕೋಡಿಯ ಮಾತು ಬಹಳವಿಲ್ಲ. ಮೊಣಕಾಲವರೆಗೆ ಕೆಸರಿನ ಪ್ಯಾಂಟಿನಲ್ಲೇ ಹೋದೆ. ಕಚೇರಿಯ ಸಾಹೇಬರು ಪ್ರಮಾಣಪತ್ರದ ಒದ್ದೆ ಮೂಲೆ ಮುಟ್ಟಿ, "ಇದೇನ್ರಿ, ಅರಿಷಿಣ?" ಎಂದರು. "ಗಂಗಾಪೂಜಾ ಆಗೇತ್ರಿ" ಎಂದೆ. ಅವರು ತಲೆಯಾಡಿಸಿ ಸಹಿ ಹಾಕಿದರು. ಇಷ್ಟು ವರ್ಷ ಆ ನೌಕರಿಯಲ್ಲೇ ಅನ್ನ ತಿಂದಿದ್ದೇನೆ. ಶಾಂತಕ್ಕನ ಮನೆಗೆ ಮಜ್ಜಿಗೆ ಆ ಸಂಜೆಯೇ ಹೋಯಿತು. ನಾನು ಹಿಡಿದ ಅತಿ ದೊಡ್ಡ ಮೀನು ಯಾವುದೆಂದು ಯಾರಾದರೂ ಕೇಳಿದರೆ ಇವತ್ತಿಗೂ ಗೋಡೆಯ ಮೇಲಿನ ಚೌಕಟ್ಟು ತೋರಿಸುತ್ತೇನೆ.

ಆದರೆ ನನಗೆ ಪದವಿ ಪ್ರದಾನವಾದದ್ದು ಚಿಕ್ಕೋಡಿಯಲ್ಲೂ ಅಲ್ಲ, ವಿಶ್ವವಿದ್ಯಾಲಯದಲ್ಲೂ ಅಲ್ಲ; ಬಾಂದಾರದ ಕಲ್ಲುಗೋಡೆಯ ಮೇಲೆ. ಮಾವ ಕಂಬಳಿಗೆ ಎರಡು ಸಲ ಕೈ ಒರೆಸಿಕೊಂಡು, ಬಿರಡೆ ಕಿತ್ತು, ಕಾಗದವನ್ನು ಎರಡು ಬೆರಳಿನಲ್ಲಿ ಹೊರಗೆಳೆದು ಬಿಚ್ಚಿದ. "ನಿನ್ನ ಹೆಸರ ಎಲ್ಲೈತಿ?" ಎಂದ. ತೋರಿಸಿದೆ. "ನಿಮ್ಮಪ್ಪಂದು?" ಅದರ ಪಕ್ಕದಲ್ಲೇ ಇತ್ತು, ತೋರಿಸಿದೆ. ತಂಬಾಕನ್ನು ಜಗಿಯುವುದು ಬಿಟ್ಟು ಮಾವ ಅದನ್ನೇ ನೋಡುತ್ತ ನಿಂತ. ನೀರು ಭೋರ್ಗರೆಯುತ್ತಿತ್ತು. ಆಮೇಲೆ ಸುರುಳಿ ಸುತ್ತಿ, ಎರಡೂ ಕೈಯಿಂದ ನನಗೆ ಕೊಟ್ಟು ಹೇಳಿದ:

"ತಗೋ. ಓದಿದವ್ರು ಹಿಡದದ್ದನ್ನ ಬಿಟ್ಟ ಬರ್ತಾರಂತ. ಇದೊಂದನ್ನ ಬಿಡಬ್ಯಾಡಪಾ, ಮನಿಗಿ ತಗೊಂಬಾ."